ಬರ್ಕಾ ದಾರಿಯಲ್ಲಿ ಬಸ್ಸು ನಿಂತದ್ದು

ಯಾರಾದರೂ ದೆವ್ವ, ಅಶರೀರವಾಣಿ ಎಂದು ಶುರುಮಾಡಿದರೆ ನಾನು ನಕ್ಕು ಎದ್ದುಹೋಗುತ್ತಿದ್ದೆ. ಏಸಿ ರಿಪೇರಿ ನನ್ನ ಕಸುಬು. ಯಂತ್ರ ಕೆಟ್ಟಿತೆಂದರೆ ಕಾರಣ ಇರಲೇಬೇಕು, ಹುಡುಕಿದರೆ ಸಿಗಲೇಬೇಕು ಎನ್ನುವ ಪೈಕಿ ನಾನು. ಈಗ ಹಾಗೆ ನಗುವ ಧೈರ್ಯವಿಲ್ಲ. ನಂಬುವುದು ಬಿಡುವುದು ನಿಮ್ಮಿಷ್ಟ.

ಕೆಲವು ವರ್ಷಗಳ ಹಿಂದೆ ಅಮ್ಮ ವಿಸಿಟ್ ವೀಸಾದಲ್ಲಿ ಊರಿನಿಂದ ಗಲ್ಫಿಗೆ, ಅಲ್ ಹೈಲ್‌ನ ನಮ್ಮ ಮನೆಗೆ ಬಂದಿದ್ದರು. ಫ್ಲಾಟಿನ ಗೋಡೆ ನೋಡಿ ನೋಡಿ ಅವರಿಗೆ ಬೇಸರ ಬಂದಿತ್ತು. ಬರ್ಕಾದಲ್ಲಿ ಅಂಗಡಿ ಇಟ್ಟಿರುವ ಗೆಳೆಯ ಹಮೀದ್ ಒಂದು ಶುಕ್ರವಾರ ನಮ್ಮ ಕಡೆಯ ನಾಲ್ಕೈದು ಕುಟುಂಬಗಳನ್ನು ಸೇರಿಸಿ, ರುಸ್ತಾಕ್ ಸುತ್ತಿನ ಹಳೆಯ ಅರಮನೆ, ತೋಟಗಳನ್ನು ನೋಡಿ ಬರಲು ಸಣ್ಣ ಬಸ್ಸೊಂದನ್ನು ಗೊತ್ತುಮಾಡಿದ.

ಬೆಳಿಗ್ಗೆ ಖರ್ಜೂರದ ತೋಟಗಳಲ್ಲಿ ಸುತ್ತಾಡಿದೆವು. ಕಾಲುವೆಯ ನೀರಿಗೆ ಕಾಲು ಇಳಿಬಿಟ್ಟು ಕೂತ ಅಮ್ಮನನ್ನು ಎಬ್ಬಿಸುವುದೇ ಕಷ್ಟವಾಯಿತು. ಕೊನೆಗೆ ಹೋದದ್ದು ತೋಟದ ನಡುವಿನ ಒಂದು ಮಣ್ಣಿನ ಬಣ್ಣದ ಅರಮನೆಗೆ. ಮೇಲಿನ ಕೋಣೆಯೊಂದರ ಮರದ ಮಾಡಿನ ತುಂಬ ಹೂಬಳ್ಳಿಯ ಚಿತ್ರ.

“ಇದನ್ನು ಮಲಗಿಯೇ ನೋಡ್ಬೇಕು ಮಗಾ, ನಿಂತು ನೋಡಿದ್ರೆ ಕುತ್ತಿಗೆ ಹಿಡೀತದೆ” ಎಂದರು ಅಮ್ಮ. ನಾನು ಹೂಂಗುಟ್ಟಿ ಫೋಟೋ ತೆಗೆಯಲು ಹೋದೆ.

ಶುಕ್ರವಾರ ಜುಮಾ ನಮಾಜಿಗಾಗಿ ಹನ್ನೊಂದಕ್ಕೇ ಬಾಗಿಲು ಹಾಕುತ್ತಾರೆ. ಎಲ್ಲರೂ ಗಡಿಬಿಡಿಯಲ್ಲಿ ಬಸ್ಸು ಹತ್ತಿದೆವು. ಹಮೀದ್ ಜನರನ್ನು ಲೆಕ್ಕ ಮಾಡುವ ಕ್ರಮವೇ ಬೇರೆ. ತಲೆಗೊಂದರಂತೆ ಬನ್ಸಿನ ಪೊಟ್ಟಣ ತಂದು ಹಂಚುತ್ತಾನೆ. ಬುಟ್ಟಿ ಖಾಲಿಯಾದರೆ ಎಲ್ಲರೂ ಬಂದರೆಂದೇ ಅರ್ಥ. ನಾನು ಎರಡು ಪೊಟ್ಟಣ ತೆಗೆದುಕೊಂಡೆ, ನನ್ನದೊಂದು, ಅಮ್ಮನದೊಂದು. ಅಮ್ಮ ಹಿಂದೆ ಹೆಂಗಸರ ಜೊತೆ ಇದ್ದಾರೆಂದು ನಾನು, ವಾಂತಿಯಾಗುತ್ತದೆಂದು ಮುಂದೆ ನನ್ನ ಜೊತೆ ಕೂತಿದ್ದಾರೆಂದು ಹಿಂದೆ ಕೂತ ನನ್ನ ಹೆಂಡತಿ ತಿಳಿದುಕೊಂಡಿದ್ದೆವು.

“ಪ್ಯಾಕೆಟ್ ಖಲಾಸ್, ಜನ ಫುಲ್ಲು. ಯಲ್ಲಾ, ಹೊರಡುವ” ಎಂದ ಹಮೀದ್.

ಹದಿನೈದು ನಿಮಿಷ ಹೋಗಿರಬಹುದು. “ಬಸ್ ಉಂತಾಲ ಮಗಾ” ಎಂದು ಹಿಂದಿನಿಂದ ಅಮ್ಮ ತುಳುವಿನಲ್ಲಿ ಕೂಗಿದರು. ನಿಲ್ಲಿಸು ಎಂದು. ನಾನು ಬಾಯಿ ತೆರೆಯುವ ಮೊದಲೇ ಬಸ್ಸು ಗಕ್ಕನೆ ನಿಂತಿತು. ವಾಂತಿ ಬಂತೇನೋ ಎಂದು ಎದ್ದು ಹಿಂದೆ ನೋಡಿದರೆ ಅಮ್ಮ ಇಲ್ಲ!

“ಅತ್ತೆ ನಿಮ್ಮೊಟ್ಟಿಗೆ ಇಲ್ವಾ?” ಎಂದಳು ಹೆಂಡತಿ. ಅಮ್ಮ ಸಕ್ಕರೆ ಕಾಯಿಲೆಯವರು. ಮಾತ್ರೆಯೂ ನೀರಿನ ಬಾಟಲಿಯೂ ಬಸ್ಸಿನಲ್ಲಿ, ಹೊರಗೆ ಎಪ್ರಿಲ್ ಬಿಸಿಲು.

ಬಸ್ಸು ತಿರುಗಿತು. ನಾವು ಮುಟ್ಟುವಾಗ ಕಾವಲಿನ ಮುದುಕ ದೊಡ್ಡ ಬಾಗಿಲಿಗೆ ಬೀಗ ಹಾಕಿ ಕಾರು ಹತ್ತಿಯಾಗಿತ್ತು. ಇನ್ನು ಬರುವುದು ಮರುದಿನ ಬೆಳಿಗ್ಗೆಯೇ ಎಂದ. ಹಮೀದ್ ಅರಬಿಯಲ್ಲಿ ಅಂಗಲಾಚಿದ ಮೇಲೆ ಬಾಗಿಲು ತೆರೆಯಿತು. ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದೆ. ಚಿತ್ರದ ಮಾಡಿನ ಕೆಳಗೆ, ಕಿಟಕಿಯ ಗೂಡಿನಲ್ಲಿ, ಸೆರಗು ಹೊದ್ದು ಅಮ್ಮ ಗೊರಕೆ ಹೊಡೆಯುತ್ತಿದ್ದರು. ನಾನು ಅಲ್ಲೇ ನೆಲದ ಮೇಲೆ ಕೂತು ಮಗುವಿನ ಹಾಗೆ ಅತ್ತುಬಿಟ್ಟೆ. ಹೋದ ಜೀವ ಬಂದಂತಾಗಿತ್ತು.

ಅಮ್ಮ ಕಣ್ಣುಬಿಟ್ಟು, “ಎಂಥ ಆಯ್ತು ಮಗಾ, ಬಸ್ಸು ತಪ್ಪಿತಾ?” ಎಂದರು.

ಮನೆಗೆ ಬರುವ ದಾರಿಯಲ್ಲಿ, ಅಮ್ಮನ ಕಿವಿಗೆ ಬೀಳದಂತೆ, ವಿಚಾರಿಸಿದೆ. ಹಿಂದೆ ಕೂತ ಹೆಂಗಸರಿಗೆ ಯಾವ ಕೂಗೂ ಕೇಳಿಸಿರಲಿಲ್ಲ. ಪಠಾಣ ಡ್ರೈವರನಿಗೆ ಹಿಂದಿ, ಪಶ್ತೋ ಬಿಟ್ಟರೆ ಬೇರೆ ಭಾಷೆ ಬಾರದು. ಯಾಕೆ ಬ್ರೇಕ್ ಹಾಕಿದೆ ಎಂದು ಕೇಳಿದರೆ, “ಅಮ್ಮಾಜಿ ನೇ ಬೋಲಾ ನಾ, ಗಾಡಿ ರೋಕೋ” ಎಂದು ನನ್ನನ್ನೇ ಹುಚ್ಚನಂತೆ ನೋಡಿದ. ಗಾಡಿ ನಿಲ್ಲಿಸು ಎಂದು ಅಮ್ಮ ಕೂಗಿದ್ದು ಅವನಿಗೆ ಕೇಳಿಸಿದ್ದು ಹಿಂದಿಯಲ್ಲಿ. ನನ್ನ ಭ್ರಮೆ ಎನ್ನೋಣವೆಂದರೆ ಅವನ ಕಾಲು ಬ್ರೇಕಿನ ಮೇಲೆ ಹೋದದ್ದು ಹೇಗೆ? ಎಷ್ಟು ಸಲ ಯೋಚಿಸಿದರೂ ಇದರ ಬುಡ ಸಿಕ್ಕಿಲ್ಲ.

ಬಿಟ್ಟುಹೋಗಿದ್ದೆವೆಂದು ಅಮ್ಮನಿಗೆ ಹೇಳುವ ಧೈರ್ಯ ಆಗಲಿಲ್ಲ. ಊರಿಗೆ ಹೋದ ಮೇಲೆ ಅವರು ಬಂದವರಿಗೆಲ್ಲ ಹೇಳುತ್ತಾರಂತೆ: “ಅರಮನೆಯಲ್ಲಿ ಎಂಥ ಒಳ್ಳೆ ಗಾಳಿ ಅಂತೀರಿ! ನನಗೆ ನಿದ್ದೆ ಹತ್ತಿತು. ನಾನು ಏಳುವವರೆಗೆ ನನ್ನ ಮಗ ಬಸ್ಸು ನಿಲ್ಲಿಸಿದ.”

ಫೋನಿನಲ್ಲಿ ಇದನ್ನು ಕೇಳಿದಾಗಲೆಲ್ಲ ನಾನು ಮಾತ್ರೆ ತಗೊಂಡ್ರಾ ಎಂದು ಕೇಳಿ ಮಾತು ತಿರುಗಿಸುತ್ತೇನೆ. ಬಸ್ಸು ನಿಲ್ಲಿಸಿದ್ದು ನಾನಲ್ಲ.