ನುಜತ್ ಅವರ ಗುಂಪಿನಲ್ಲಿ ನಗುವಂತಿಲ್ಲ

ಹರಿಹರದ ಬಸ್ ನಿಲ್ದಾಣದ ಹಿಂದಿನ ಓಣಿಗೆ ಇನ್ನೂ ಹಾಲಿನವನೂ ಬಂದಿಲ್ಲ. ಬೆಳಗಿನ ನಮಾಜು ಮುಗಿಸಿದ ನುಜತ್ ತಮ್ಮ ಟೈಪಿಂಗ್ ಅಂಗಡಿಯ ಶಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗುತ್ತಾರೆ. ಗಿರಾಕಿಗಳು ಬರುವುದು ಹತ್ತರ ಮೇಲೆ. ಅಲ್ಲಿಯವರೆಗಿನ ಹೊತ್ತು ‘ಕರಿಪರದೆ’ಯದು.

‘ಕರಿಪರದೆ’ ಎಂದರೆ ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಕಲಿಯಲು ಹೊರಟ ಹೊಸಬರಿಗಾಗಿ ಅವರು ಟೆಲಿಗ್ರಾಂನಲ್ಲಿ ಕಟ್ಟಿರುವ ಕನ್ನಡದ ಗುಂಪು. ಯುನಿಕ್ಸ್‌ನಲ್ಲಿ ಚಿತ್ರ ಒತ್ತಿದರೆ ಕೆಲಸವಾಗದು, ಕಪ್ಪು ಪರದೆಯ ಮೇಲೆ ಆದೇಶ ಟೈಪಿಸಬೇಕು. ಅಂಗಡಿಯ ಹಳೇ ಕಂಪ್ಯೂಟರ್ ಬೇರೇನನ್ನೂ ಎಳೆಯಲಾರೆನೆಂದು ಕೈಚೆಲ್ಲಿದಾಗ ನುಜತ್ ಇದರ ಬೆನ್ನು ಹತ್ತಿದರು. “ಕೇಳಾಕೆ ಒಬ್ರೂ ಇರಲಿಲ್ರಿ. ಇಂಗ್ಲಿಷ್ ಗುಂಪಿನಾಗೆ ಕೇಳಿದ್ರೆ ಮೊದ್ಲು ಓದ್ಕೊಂಡು ಬಾ ಅಂತಿದ್ರು. ಓದಿದ್ದು ತಿಳಿದಿದ್ರೆ ನಾನ್ಯಾಕ ಕೇಳ್ತಿದ್ದೆ?” ಎಂದು ಈಗಲೂ ಸಿಡುಕುತ್ತಾರೆ. ಇಂದು ಗುಂಪಿನಲ್ಲಿ ಆರುನೂರು ಚಿಲ್ಲರೆ ಜನರಿದ್ದಾರೆ. ಮಾಯಕೊಂಡದ ಬೀಜದಂಗಡಿಯವರೂ ಇದ್ದಾರೆ.

ಇಲ್ಲೊಂದು ವಿಚಿತ್ರ ಕಟ್ಟಳೆ. ಉತ್ತರ ಹೇಳುವವರು ಮೊದಲು ತಮ್ಮದೊಂದು ತಪ್ಪು ಹೇಳಬೇಕು. ಅದಕ್ಕೆ ಕಾರಣ ರಶ್ಮಿ.

ದಾವಣಗೆರೆಯ ಸರಸ್ವತಿ ನಗರದ ರಶ್ಮಿ ರವಿಕೆಗಳಿಗೆ ಕಸೂತಿ ವಿನ್ಯಾಸ ಬಿಡಿಸುವವಳು. ಎರಡು ವರ್ಷದ ಹಿಂದೆ ಯಾವುದೋ ಆದೇಶ ಕೊಟ್ಟು, ಮದುವೆ ಸೀಸನ್ನಿಗೆಂದು ಮಾಡಿಟ್ಟ ವಿನ್ಯಾಸಗಳನ್ನೆಲ್ಲ ಅಳಿಸಿಕೊಂಡಳು. “ಅಳಿಸಿದ್ದು ಯಾವ ಬುಟ್ಟಿಗೆ ಹೋಗತೈತ್ರಿ?” ಎಂದು ಗುಂಪಿನಲ್ಲಿ ಕೇಳಿದಳು. ಆ ಆದೇಶಕ್ಕೆ ಬುಟ್ಟಿಯೇ ಇಲ್ಲ, ಅದು ನೇರವಾಗಿ ಅಳಿಸಿಬಿಡುತ್ತದೆ. ಗುಂಪಿನ ಹಳಬ ಚೌಡೇಶ್ ನಗುವ ಚಿತ್ರ ಹಾಕಿದ, ಅವನ ಹಿಂದೆ ಹತ್ತಾರು ಜನ ನಕ್ಕರು. ಪೇಪರ್ ಬಂಡಲ್ ಹಿಡಿದು ಬಸ್ಸಿನಲ್ಲಿ ನಿಂತಿದ್ದ ನುಜತ್ ಫೋನ್ ನೋಡುವಷ್ಟರಲ್ಲಿ ರಶ್ಮಿ ಗುಂಪು ಬಿಟ್ಟಿದ್ದಳು.

“ಮಷೀನ್ ಆಫ್ ಮಾಡವ್ವ, ಏನೂ ಮುಟ್ಟಬ್ಯಾಡ ಅಂತ ಒಂದು ಮಾತು ಹೇಳಿದ್ರೆ, ಅಳಿಸಿದ್ದರ ಮ್ಯಾಲೆ ಹೊಸದು ಬೀಳೋದು ತಪ್ಪಿ ಅರ್ಧನಾದ್ರೂ ಸಿಗ್ತಿತ್ತೇನೋ” ಎನ್ನುತ್ತಾರೆ ನುಜತ್. ರಶ್ಮಿಯ ನಂಬರ್ ಬಂದ್ ಆಗಿದೆ. ಸರಸ್ವತಿ ನಗರದ ಟೈಲರ್ ಅಂಗಡಿಗಳಲ್ಲಿ ವಿಚಾರಿಸಿ ಬರಿಗೈಯಲ್ಲಿ ಬಂದರು. ದಾವಣಗೆರೆಯಲ್ಲಿ ಚೆಂದದ ಕಸೂತಿ ರವಿಕೆ ಕಂಡರೆ ಅವರ ಕಣ್ಣು ಈಗಲೂ ಅಲ್ಲೇ ನಿಲ್ಲುತ್ತದೆ. ಮುಖವನ್ನೇ ನೋಡದವಳಿಗಾಗಿ ಹೀಗೆ ಹಂಬಲಿಸುವುದುಂಟೇ ಎಂದರೆ, ಉಂಟು.

ಇವತ್ತು ಪರದೆಯ ಮೇಲೆ ಅದೇ ಪ್ರಶ್ನೆ ಮತ್ತೆ ಬಂದಿದೆ. ನುಜತ್ ಚಹಾ ಲೋಟ ಕೆಳಗಿಟ್ಟು ಹೆಸರು ನೋಡುತ್ತಾರೆ. ಲೋಕಿಕೆರೆಯ ಕಾಂತರಾಜ್. ಅವಳಲ್ಲ. ಅವರು ಟೈಪಿಸುವ ಮೊದಲೇ ಚೌಡೇಶನ ಉತ್ತರ ಬರುತ್ತದೆ: “ನಾನು ಅಕ್ಕನ ಮದುವಿ ಫೋಟೋ ಹಿಂಗೇ ಅಳಿಸಿದ್ದೆ. ಅದನ್ನ ಮುಚ್ಚಿಟ್ಟು ಇನ್ನೊಬ್ರನ್ನ ನೋಡಿ ನಕ್ಕಿದ್ದೆ. ಮೊದ್ಲು ಮಷೀನ್ ಆಫ್ ಮಾಡ್ರಿ, ನಾವು ಅದೀವಿ.”

ನುಜತ್ ಅದನ್ನು ಎರಡು ಸಲ ಓದುತ್ತಾರೆ. ರಶ್ಮಿಯ ಹೆಸರು ಬಿಟ್ಟು, ಅವಳ ಪ್ರಶ್ನೆಯನ್ನು ತಾವೇ ಮತ್ತೆ ಬರೆದು ಅವರು ಬಹಳ ಹಿಂದೆಯೇ ಗುಂಪಿನ ಮೇಲ್ತುದಿಯಲ್ಲಿ ಪಿನ್ ಮಾಡಿಟ್ಟಿದ್ದಾರೆ.

“ಬಂದ್ರೆ ಮೊದ್ಲು ಅವಳಿಗೆ ಕಾಣೋದು ಅದೇ. ಕೆಳಗೆ ಉತ್ರಾನೂ ಐತೆ, ನಗೋರೂ ಇಲ್ಲ. ತಡ ಆತು, ಖರೆ. ಒಂದ್ಸಲ ಬಂದು ನೋಡ್ಲಿ, ಸಾಕು.”