ಸೆರಗಿನಲ್ಲಿದ್ದ ಪಚೋಲಿ

ಪಕ್ಕದ ಸೀಟಿನ ಹೆಂಗಸು ಇದ್ದಕ್ಕಿದ್ದಂತೆ ನನ್ನ ಸೆರಗಿನ ತುದಿಯನ್ನು ಎತ್ತಿ ಮೂಗಿಗೆ ಹಿಡಿದರು. ಕಾರ್ಕಳದಲ್ಲಿ ಮದುವೆ ಊಟ ಮುಗಿಸಿ ಉಡುಪಿ ಬಸ್ಸು ಹತ್ತಿದ್ದೆ. ನನ್ನ ಕೈ ತಾನಾಗಿಯೇ ಕುತ್ತಿಗೆಯ ಕರಿಮಣಿಗೆ ಹೋಯಿತು. ನೋಡಿದರೆ ಮರ್ಯಾದಸ್ಥರು, ಐವತ್ತು ದಾಟಿದವರು. ಕಣ್ಣು ಮುಚ್ಚಿಕೊಂಡಿದ್ದರು.

“ಎಂತ ಮಾಡ್ತಿದ್ದೀರಿ?” ಎಂದೆ, ಸ್ವಲ್ಪ ಜೋರಾಗಿಯೇ.

“ಪಚೋಲಿ ಅಲ್ವಾ? ನಮ್ಮ ಅಕ್ಕನ ಸೀರೆಯಲ್ಲೂ ಇದೇ ಪರಿಮಳ ಇತ್ತು. ಅವಳು ತೀರಿಹೋದ ಮೇಲೆ ಎಲ್ಲವನ್ನೂ ಒಗೆದು ಹಂಚಿಬಿಟ್ಟೆ ಮಾರಾಯ್ರೆ,” ಎಂದರು, ಕಣ್ಣು ತೆರೆಯದೆ.

ಹೌದು, ಹುಳ ಬಾರದಿರಲೆಂದು ಕಪಾಟಿನ ಸೀರೆಗಳ ನಡುವೆ ಒಣಗಿಸಿದ ಪಚೋಲಿ ಎಲೆ ಇಡುತ್ತೇನೆ. ಆದರೆ ಈಗ ಏನು ಮಾಡಬೇಕು? ಸೆರಗು ಎಳೆದುಕೊಳ್ಳಲೇ, ಬಿಡಲೇ? ನಿಂತಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನನಗೆ ಬಂದದ್ದು ಸಿಟ್ಟೋ ನಾಚಿಕೆಯೋ ಇಂದಿಗೂ ಗೊತ್ತಿಲ್ಲ. ಕಡಿಯಾಳಿಯಲ್ಲಿ ಇಳಿಯಬೇಕಿದ್ದವಳು ಏಳಲಾಗದೆ ಹಾಗೆಯೇ ಕುಳಿತೆ. ಉಡುಪಿ ಬಸ್‌ಸ್ಟ್ಯಾಂಡ್ ಬಂದಾಗ ಅವರು ಸೆರಗನ್ನು ಮೆಲ್ಲನೆ ನನ್ನ ಮಡಿಲಲ್ಲಿಟ್ಟು ಇಳಿದುಹೋದರು. ನನ್ನ ಮುಖವನ್ನು ಒಮ್ಮೆಯೂ ನೋಡಲಿಲ್ಲ.

ಮನೆಗೆ ಬಂದು, ಬಾಗಿಲು ಹಾಕಿಕೊಂಡು, ನಾನೂ ಅದೇ ತುದಿಯನ್ನು ಮೂಗಿಗೆ ಹಿಡಿದೆ. ಒಣ ಎಲೆಯ ವಾಸನೆ, ಅಷ್ಟೇ. ಬೇರೆ ಏನೂ ಸಿಗಲಿಲ್ಲ. ಆದರೂ ಆ ಸೀರೆಯನ್ನು ಒಗೆಯಲು ಇನ್ನೂ ಕೈ ಬರುತ್ತಿಲ್ಲ.