ಸುರಪುರದ ಹುಣಸೆ ಬೀಜ

ಕಲಬುರಗಿಯಿಂದ ರೈಲಿನಲ್ಲಿ ಹೊರಟು ಯಾದಗಿರಿಯಲ್ಲಿ ಇಳಿದಾಗ ಬಿಸಿಲು ಆಗಲೇ ಪ್ಲಾಟ್‌ಫಾರ್ಮನ್ನು ಕಾಯಿಸಿತ್ತು. ಈ ವಯಸ್ಸಿನಲ್ಲಿ ಒಬ್ಬಳೇ ಹೊರಟದ್ದು ಹುಣಸೆ ಬೀಜ ತರಲು. ತಂಗಿಯ ಮೊಮ್ಮಗಳು ವೀಣಾ ಹೈದರಾಬಾದಿನ ಲ್ಯಾಬೊಂದರಲ್ಲಿ ರಿಸರ್ಚ್ ಮಾಡುತ್ತಾಳೆ. ಆ ಬೀಜದ ತಿರುಳಿನಲ್ಲಿ ಪಾಲಿಸ್ಯಾಕರೈಡ್ ಇದೆಯಂತೆ; ಸಕ್ಕರೆಯ ಕಣಗಳು ಸರಪಳಿಯಾಗಿ ಹೆಣೆದುಕೊಂಡ ಅಂಟು. ಅದರ ಜೆಲ್‌ಗೆ ಜೀವಂತ ಸೆಲ್ಸ್ ಬೆರೆಸಿ, ತ್ರೀಡಿ ಪ್ರಿಂಟರಿನ ಸೂಜಿಯಿಂದ ಎಳೆ ಎಳೆಯಾಗಿ ಬಿಟ್ಟು, ಚರ್ಮದಂಥ ಪದರ ಬೆಳೆಸಲು ನೋಡುತ್ತಿದ್ದಾರೆ. ಅವಳಿಗೆ ಹುರಿಯದ ಬೀಜ ಬೇಕಿತ್ತು.

ನನಗೆ ನೆನಪಾದವನು ಸುರಪುರದ ಬೀರಪ್ಪ, ನಮ್ಮ ಮನೆಗೆ ಕಂಬಳಿ ತರುತ್ತಿದ್ದ ನೇಕಾರ. ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಸವರಿ ಬಿಸಿಲಿಗೆ ಬಿಗಿಯುವುದು ಅವರ ಪದ್ಧತಿ. ಬೀಜ ಬೇಕೆಂದೂ ಅದರಿಂದ ಚರ್ಮ ಬೆಳೆಸುತ್ತಾರೆಂದೂ ಅವನಿಗೆ ಫೋನಿನಲ್ಲಿ ಹೇಳಿದ್ದೆ.

ಶಹಾಪುರದ ಬಸ್ಸಿನಲ್ಲಿ ಆಧಾರ್ ತೋರಿಸಿದೆ, ಟಿಕೆಟ್ ಫ್ರೀ. "ಕಂಬಿ ಹಿಡ್ಕೋರಿ ಅಮ್ಮಾರ, ಮುಂದ ರೋಡ್ ಕುಣಸ್ತದ," ಎಂದ ಕಂಡಕ್ಟರ್. ಭೀಮೆ ದಾಟಿದೆವು. ಶಹಾಪುರದ ಸ್ಟ್ಯಾಂಡಿನಲ್ಲಿ ಮಂಡಕ್ಕಿಯ ಸುಸಲಾ ತಿಂದು, ಮಲಗಿದ ಬುದ್ಧನಂಥ ಗುಡ್ಡವನ್ನು ನೋಡುತ್ತ ಕುಳಿತೆ. ಮುಂದೆ ದಾರಿಯುದ್ದಕ್ಕೂ ಕಾಲುವೆ ನೀರಿನ ಭತ್ತ. ಚಿಕ್ಕವಳಾಗಿ ನಾನು ಕಾನ್ವೆಂಟ್ ಶಾಲೆಯಿಂದ ರಜೆಗೆ ಬರುತ್ತಿದ್ದಾಗ ಇಲ್ಲೆಲ್ಲ ಬರೀ ಜೋಳವಿತ್ತು.

ಸುರಪುರದಲ್ಲಿ ಬೀರಪ್ಪನ ಮನೆಯ ಕಟ್ಟೆಯ ಮೇಲೆ ಅವನ ಮಗಳು ಮಾಳಮ್ಮ ಹೊಸ ಸೀರೆಯುಟ್ಟು ಕುಳಿತಿದ್ದಳು. ಪಕ್ಕದಲ್ಲಿ ಬಟ್ಟೆ ತುಂಬಿದ ಚೀಲ.

"ನಸುಕಿನಾಗ ಎದ್ದು ತಯಾರಾಗ್ಯಾಳ್ರಿ. ಹೈದ್ರಾಬಾದಲ್ಲ, ವಿಲಾಯತಿಗಿ ಹೋಗಾಕಿ ಇದ್ದಂಗ!" ಎಂದು ಬೀರಪ್ಪ ನಕ್ಕ.

"ನೀ ಸುಮ್ನಿರಪ್ಪ," ಎನ್ನುತ್ತ ಮಾಳಮ್ಮ ಸೆರಗು ಸರಿಸಿ ಬಲಗೈ ತೋರಿಸಿದಳು. ಹಿಂದಿನ ವರ್ಷ ಕುದಿಯುವ ಗಂಜಿ ಮೈಮೇಲೆ ಚೆಲ್ಲಿತ್ತಂತೆ. ಅಂಟಿನ ಗಂಜಿ; ಕೊಡವಿದರೆ ಬಿಡುವಂಥದ್ದಲ್ಲ. ಸುಟ್ಟ ಚರ್ಮ ಮೊಣಕೈಯಲ್ಲಿ ಸೆಳೆದು ಗಂಟಾಗಿತ್ತು. ರಾಟೆಯಲ್ಲಿ ನೂಲು ಎಳೆಯಲು ಕೈ ಚಾಚಬೇಕು, ಅವಳ ಕೈ ಅರ್ಧಕ್ಕೇ ನಿಲ್ಲುತ್ತಿತ್ತು.

"ಅದೇ ಬೀಜದಾಗ ಚರ್ಮ ಮಾಡ್ತಾರಂದ್ರೆಲ್ರಿ ಅಮ್ಮಾರ. ಹಚ್ಚಲಾಕ ಎಷ್ಟೊತ್ತು ಬೇಕ್ರಿ?"

ನಾನು ಬೀಜಕ್ಕಾಗಿ ಮಾಡಿದ್ದ ಫೋನನ್ನು ಅವರು ಚಿಕಿತ್ಸೆಗೆ ಬಂದ ಆಹ್ವಾನವೆಂದು ತಿಳಿದಿದ್ದರು. ಫಾಲ್ಸ್ ಹೋಪ್ ಎಂಬುದನ್ನು ಮುಖಾಮುಖಿ ಕಂಡದ್ದು ಆಗಲೇ. ಅವಳ ಪಕ್ಕ ಕುಳಿತು ಹೇಳಿದೆ: "ಇನ್ನೂ ಆಗಿಲ್ಲಮ್ಮ. ಈಗ ಅದು ಗಾಜಿನ ತಟ್ಟೆಯಲ್ಲಷ್ಟೇ ಇದೆ. ಯಾರ ಮೈಗೂ ಹಚ್ಚಿಲ್ಲ. ಯಾವಾಗ ಆಗುತ್ತದೋ ವೀಣಾಗೂ ಗೊತ್ತಿಲ್ಲ."

ಬೀರಪ್ಪನ ನಗು ನಿಂತಿತು. ಒಳಗಿನಿಂದ ಯಾರೋ ಚಹಾ ತಂದು ನನ್ನ ಮುಂದಿಟ್ಟರು.

"ಬಿಗಿದ ಚರ್ಮ ಬಿಡಿಸುವ ಆಪರೇಷನ್ ಬೇರೆ ಇದೆ," ಎಂದೆ. "ಕಲಬುರಗಿಗೆ ಬಾ, ಡಾಕ್ಟರಿಗೆ ತೋರಿಸೋಣ. ನಾನೇ ಜೊತೆಗಿರುತ್ತೇನೆ."

ಮಾಳಮ್ಮ ಚೀಲ ಎತ್ತಿಕೊಂಡು ಒಳಗೆ ಹೋದಳು. ನನ್ನ ಮುಂದಿನ ಚಹಾ ಆರಿತು. ಹೊರಬಂದಾಗ ಅವಳು ಹಳೆಯ ಸೀರೆಯಲ್ಲಿದ್ದಳು. ಅದೇ ಚೀಲದ ತುಂಬ ಈಗ ಹುಣಸೆ ಬೀಜ.

"ಹುರದಿಲ್ರಿ. ಒಂದೊಂದು ಆರಿಸೀನಿ. ವೀಣಾ ತಂಗಿಗಿ ಹೇಳ್ರಿ, ಛಲೋ ಮಾಡಂತ."

"ನೀನೂ ಈಗಲೇ ಬಾ, ಮಾಳಮ್ಮ."

"ಮದ್ಲ ಬೀಜ ಹೋಗ್ಲಿರಿ. ದೀಪಾವಳಿ ಹಟ್ಟಿ ಹಬ್ಬ ಮುಗಿಸಿ ನಾ ಹಿಂದಿಂದ ಬರ್ತೀನಿ."

ಬಸ್ ಸ್ಟ್ಯಾಂಡಿನವರೆಗೂ ಚೀಲವನ್ನು ಎಡಗೈಯಲ್ಲಿ ಅವಳೇ ಹೊತ್ತಳು. ಬಸ್ಸು ತಿರುಗುವಾಗ ಕಿಟಕಿಯಿಂದ ಹೊರಳಿ ನೋಡಿದೆ. ಟಾಟಾ ಮಾಡಲು ಅವಳು ಎತ್ತಿದ್ದು ಬಲಗೈ. ಅದು ಏಳುವಷ್ಟು ಎದ್ದು, ಅಲ್ಲೇ ನಿಂತಿತ್ತು.